ಆಟದ ಮಾತು

ಕನ್ನಡದ ಕ್ರಿಯಾಪದಗಳಲ್ಲಿ ‘ಆಡು’ ಎಂಬುದರಷ್ಟು ಬಳಗವುಳ್ಳ ಪದ ಇನ್ನೊಂದಿರಲಾರದು. ಮಗು ಅಂಗಳದಲ್ಲಿ ಆಡುತ್ತದೆ. ಅದರ ತಾತ ಜಗಲಿಯ ಮೇಲೆ ಕುಳಿತು ಮಾತನ್ನು ಆಡುತ್ತಾನೆ. ಕಾಲಿನ ಓಟ ಊರಿನ ವ್ಯವಹಾರಕ್ಕೆ ತಿರುಗಿದರೆ ಅದು ಓಡಾಟ. ಜೊತೆಯಲ್ಲಿರುವುದು ಒಡನಾಟ, ಮೆಚ್ಚುವುದು ಕೊಂಡಾಟ, ಎದುರಿಸುವುದು ಹೋರಾಟ, ಗತಿಗೆಟ್ಟು ಅಲೆಯುವುದು ಪರದಾಟ. ಇರುಳೆಲ್ಲ ಬಯಲಿನಲ್ಲಿ ನಡೆಯುವ ನಾಟಕವೂ ನಮ್ಮ ಜನರಿಗೆ ಆಟವೇ. ಅಷ್ಟೇಕೆ, ಜೀವದ ಮೊದಲ ಗುರುತಾದ ಉಸಿರು ಕೂಡ ಕನ್ನಡಿಗನ ಎದೆಯಲ್ಲಿ ಆಡಲೇಬೇಕು. ಅದು ಆಡುವುದನ್ನು ನಿಲ್ಲಿಸಿದಾಗ ಮುಂದಿನ ಏರ್ಪಾಟನ್ನು ಬಂಧುಗಳು ನೋಡಿಕೊಳ್ಳುತ್ತಾರೆ.

ಇಷ್ಟು ಉದಾರವಾದ ಭಾಷೆಯೇ ಇನ್ನೊಂದು ಬಾಯಿಯಿಂದ ಆಟವನ್ನು ಬೈಯುವುದೂ ಉಂಟು. ಹೊಣೆಯರಿಯದ ನಡತೆಗೆ ‘ಹುಡುಗಾಟ’ ಎನ್ನುತ್ತೇವೆ. ಗಂಭೀರವಾದ ಕೆಲಸವನ್ನು ತೋರಿಸಿ ‘ಇದೇನು ಮಕ್ಕಳಾಟವೆ?’ ಎಂದು ಗದರುತ್ತೇವೆ. ಹುಡುಗರ ಆಟವನ್ನು ನಿಂದೆಯ ಪದವಾಗಿ ಮಾಡಿಕೊಂಡವರು ದೊಡ್ಡವರೇ ಹೊರತು ಹುಡುಗರಲ್ಲ. ಹುಡುಗರನ್ನು ಕೇಳಿದ್ದರೆ ‘ದೊಡ್ಡಾಟ’ವೆಂಬುದೇ ಬೈಗುಳವಾಗುತ್ತಿತ್ತೋ ಏನೋ. ಈ ಎರಡು ಬಾಯಿಗಳ ನಡುವೆ ಇಂದು ಗೆಲ್ಲುತ್ತಿರುವುದು ಎರಡನೆಯದು ಎಂದು ತೋರುತ್ತದೆ. ಪದವಿಯ ಮೊದಲ ವರ್ಷಕ್ಕೆ ಬರುವ ವಿದ್ಯಾರ್ಥಿಗಳಿಗೆ ಜನಪದ ಸಾಹಿತ್ಯದ ಪಾಠ ಹೇಳುವಾಗ ನಾನು ಚೌಕಾಬಾರದ ಹೆಸರೆತ್ತುವುದುಂಟು. ಹೆಸರನ್ನು ಬಲ್ಲವರು ಹಲವರು. ಆಡಿ ಬಲ್ಲವರು ಕೆಲವರು. ಉಳಿದವರು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಆಟವೊಂದು ಟಿಪ್ಪಣಿಯಾಗುವುದಕ್ಕಿಂತ ಹೆಚ್ಚಿನ ದುರ್ಗತಿ ಅದಕ್ಕೆ ಇನ್ನೇನು ಬರಬೇಕು?

ಚೌಕಾಬಾರವನ್ನು ಅರಿಯದ ಓದುಗರಿಗಾಗಿ ಒಂದೆರಡು ಮಾತು. ನಂಜನಗೂಡಿನ ಸೀಮೆಯಿರಲಿ, ತಿರುಮಕೂಡಲು ನರಸೀಪುರದ ಸೀಮೆಯಿರಲಿ, ಹಳೆಯ ಮನೆಗಳ ಜಗಲಿಗಳೂ ಗುಡಿಗಳ ಕೈಸಾಲೆಗಳೂ ಈ ಆಟದ ನೆಲೆಗಳು. ಮೈಸೂರು ಸೀಮೆಯ ಅನೇಕ ಗುಡಿಗಳ ಚಪ್ಪಡಿಗಳ ಮೇಲೆ ಉಳಿಯಿಂದ ಕೊರೆದ ಆಟದ ಮನೆಗಳು ಇಂದಿಗೂ ಕಾಣಸಿಗುತ್ತವೆ. ಅವನ್ನು ಕೊರೆದವರು ಗುಡಿ ಕಟ್ಟಿದ ಕಲ್ಲುಕುಟಿಗರೋ, ಪೂಜೆಗೆ ಕಾದು ಕುಳಿತ ಭಕ್ತರೋ, ಶಾಸನವಂತೂ ಇಲ್ಲ. ದೇವರ ಎದುರಿನಲ್ಲಿ ಆಟಕ್ಕೆ ಜಾಗವಿತ್ತು ಎಂಬುದಕ್ಕೆ ಮಾತ್ರ ಕಲ್ಲೇ ಸಾಕ್ಷಿ.

ಐದು ಸಾಲು, ಐದು ಕಂಬ, ಒಟ್ಟು 25 ಮನೆ. ನಾಲ್ಕು ಅಂಚುಗಳ ನಡುಮನೆಗೂ ಒಟ್ಟು ಚೌಕದ ನಟ್ಟನಡುವಿನ ಮನೆಗೂ ಕತ್ತರಿ ಗೀಟು. ಅಂಥ ಮನೆಯಲ್ಲಿ ಕುಳಿತ ಕಾಯಿಗೆ ಭಯವಿಲ್ಲ. ನಾಲ್ವರು ಆಟಗಾರರು, ತಲೆಗೆ ನಾಲ್ಕು ಕಾಯಿ. ನಾಲ್ಕು ಕವಡೆಗಳನ್ನು ಎಸೆದಾಗ ಎಷ್ಟು ಅಂಗಾತ ಬಿದ್ದವೋ ಅಷ್ಟು ನಡೆ. ನಾಲ್ಕೂ ಅಂಗಾತವಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಬೋರಲಾದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದವನಿಗೆ ಇನ್ನೊಂದು ಎಸೆತದ ಭಾಗ್ಯ. ಕಾಯಿ ಹೊರಸುತ್ತನ್ನು ಮುಗಿಸಿ, ಒಳಸುತ್ತಿಗೆ ತಿರುಗಿ, ನಡುಮನೆಯನ್ನು ಸೇರಬೇಕು. ದಾರಿಯಲ್ಲಿ ಎದುರಾಳಿಯ ಕೈಗೆ ಸಿಕ್ಕರೆ ಅದು ಹೊರಟ ಮನೆಗೇ ಮರಳಬೇಕು. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದವನಿಗೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬ ಕಟ್ಟಳೆಯೂ ಹಲವು ಕಡೆ ಉಂಟು. ನಡುಮನೆಯನ್ನು ಮುಟ್ಟಿದ ಕಾಯನ್ನು ಕುರಿತು ನಮ್ಮ ಜನ ‘ಗೆದ್ದಿತು’ ಎನ್ನುವುದಿಲ್ಲ, ‘ಹಣ್ಣಾಯಿತು’ ಎನ್ನುತ್ತಾರೆ.

ಈ ಒಂದು ಮಾತಿನಲ್ಲಿ ಆಟದ ಪ್ರಯೋಜನದ ಶಾಸ್ತ್ರವೆಲ್ಲ ಅಡಗಿದೆಯೆಂದು ನನಗೆ ಅನೇಕ ಸಲ ಅನ್ನಿಸಿದೆ. ಕಾಯಿ ಹಣ್ಣಾಗಬೇಕಾದರೆ ಕಾಲ ಬೇಕು, ಬಿಸಿಲು ಬೇಕು. ನಂಜನಗೂಡಿನ ರಸಬಾಳೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಸಲ ಕಡಿಸಿಕೊಂಡು ಹೊರಟ ಮನೆಗೆ ಮರಳಿದ ಕಾಯಿ ಹನ್ನೊಂದನೆಯ ಸಲ ಹೊರಡಬೇಕು. ಕಡಿದ ಮೊಮ್ಮಗಳ ಮೇಲೆ ಅಜ್ಜಿಗೆ ಕೋಪ ಬರಬಾರದು. ಕಡಿಸಿಕೊಂಡ ಅಜ್ಜಿಗೆ ಮೊಮ್ಮಗಳು ಸುಳ್ಳು ದಯೆಯನ್ನು ತೋರಿಸಲೂ ಬಾರದು. ಮನೆಯೊಳಗೆ ಎಂಟು ವರ್ಷದವಳೂ ಎಪ್ಪತ್ತು ವರ್ಷದವಳೂ ಒಂದೇ ಕಾನೂನಿಗೆ ತಲೆಬಾಗುವ ಸ್ಥಳ ಚೌಕಾಬಾರದ ಮಣೆಯಲ್ಲದೆ ಇನ್ನೊಂದು ಯಾವುದಿದೆ? ಊಟದಲ್ಲಿ, ಹಬ್ಬದಲ್ಲಿ, ಮಾತಿನಲ್ಲಿ ಹಿರಿಯರಿಗೆ ಒಂದು ನ್ಯಾಯ, ಕಿರಿಯರಿಗೆ ಒಂದು ನ್ಯಾಯ. ಕವಡೆ ಮಾತ್ರ ಯಾರ ವಯಸ್ಸನ್ನೂ ಕೇಳುವುದಿಲ್ಲ.

ಮಗು ಆಟದಲ್ಲಿ ಸ್ವೇಚ್ಛೆಯಾಗಿರುತ್ತದೆ ಎಂಬ ನಂಬಿಕೆ ದೊಡ್ಡವರಲ್ಲಿ ಬಲವಾಗಿದೆ. ರಷ್ಯದ ಮನಶ್ಶಾಸ್ತ್ರಜ್ಞ ವೈಗಾಟ್‌ಸ್ಕಿ 1933ರಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ಇದರ ವಿರುದ್ಧ ದಿಕ್ಕಿನ ವಿಚಾರವನ್ನು ಮುಂದಿಟ್ಟನು: ಮಗು ತನ್ನ ಆಸೆಯನ್ನು ತಾನೇ ತಡೆದು ನಿಯಮಕ್ಕೆ ಒಗ್ಗಿಕೊಳ್ಳಲು ಕಲಿಯುವುದು ಆಟದಲ್ಲಿಯೇ. ಅಡುಗೆಯಾಟದ ಹುಡುಗಿಯನ್ನು ನೋಡಿ. ಅವಳ ಮುಂದೆ ಮಣ್ಣಿನ ಅನ್ನ, ಎಲೆಯ ಪಲ್ಯ. ಬಡಿಸುತ್ತಾಳೆ, ಉಣ್ಣುವಂತೆ ನಟಿಸುತ್ತಾಳೆ, ಬಾಯಿಗೆ ಮಾತ್ರ ಇಡುವುದಿಲ್ಲ. ಅದು ಅನ್ನವೂ ಹೌದು, ಅಲ್ಲವೂ ಹೌದು. ಒಂದು ವಸ್ತು ಇನ್ನೊಂದನ್ನು ಸೂಚಿಸಬಲ್ಲದೆಂಬ ಈ ಅರಿವು ಅಕ್ಷರಕ್ಕೂ ಮೂಲ, ಕಾವ್ಯಕ್ಕೂ ಮೂಲ. ರೂಪಕಾಲಂಕಾರದ ಲಕ್ಷಣವನ್ನು ತರಗತಿಯಲ್ಲಿ ಬಾಯಿಪಾಠ ಮಾಡಲು ತಿಣುಕುವ ಹುಡುಗ ಐದನೆಯ ವಯಸ್ಸಿನಲ್ಲೇ ಕೋಲನ್ನು ಕುದುರೆ ಮಾಡಿದ್ದವನು!

ಅಳಗುಳಿಮಣೆಯ ಮಾತು ಇದಕ್ಕೆ ಹತ್ತಿರದ್ದು. ಎರಡು ಸಾಲು, ಸಾಲಿಗೆ ಏಳು ಗುಳಿ. ಹುಣಸೆಬೀಜವನ್ನೋ ಗುಲಗಂಜಿಯನ್ನೋ ಗುಳಿಗಳಲ್ಲಿ ಸಮನಾಗಿ ತುಂಬಿ, ಒಂದರಿಂದ ಎತ್ತಿಕೊಂಡು ಮುಂದಿನವುಗಳಲ್ಲಿ ಒಂದೊಂದಾಗಿ ಬಿತ್ತುತ್ತ ಹೋಗಬೇಕು. ನಮ್ಮ ಹೆಂಗಸರು ಪಾಠಶಾಲೆಯ ಮೆಟ್ಟಿಲು ಹತ್ತದೆ ಕೂಡುವ, ಕಳೆಯುವ, ಮುಂದಿನ ಮೂರು ನಡೆಗಳನ್ನು ಮನಸ್ಸಿನಲ್ಲೇ ಎಣಿಸುವ ಗಣಿತವನ್ನು ಕಲಿತದ್ದು ಈ ಮಣೆಯ ಮೇಲೆ. ಗೆಲ್ಲಬೇಕೆನ್ನುವವಳು ಮೊದಲು ತನ್ನ ಕೈ ಬರಿದುಮಾಡಿಕೊಳ್ಳಬೇಕು, ಅದೂ ಎದುರಿನವಳ ಗುಳಿಗಳಿಗೆ ಕಾಳು ಹಾಕುತ್ತ. ಬೇಸಾಯದ ನಾಡಿನಲ್ಲಲ್ಲದೆ ಇಂಥ ಆಟ ಹುಟ್ಟುವುದು ಕಷ್ಟ.

ಗುಲಗಂಜಿಯ ಹೆಸರು ಬಂದಮೇಲೆ ನರಸೀಪುರದ ಗುಂಜಾನರಸಿಂಹನನ್ನು ನೆನೆಯದಿರುವುದು ಹೇಗೆ? ಕಾವೇರಿಯೂ ಕಪಿಲೆಯೂ ಕೂಡುವ ಆ ತ್ರಿಮಕೂಟ ಕ್ಷೇತ್ರದಲ್ಲಿ ಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯ ತೂಕದಷ್ಟು ಹೆಚ್ಚು ಎಂದು ಸ್ಥಳದ ಐತಿಹ್ಯ. ಅಕ್ಕಸಾಲಿಗನ ತಕ್ಕಡಿಯಲ್ಲಿ ಚಿನ್ನ ತೂಗುವ ಬೀಜ, ದೇವರ ಬೆರಳಿನ ನಡುವೆ ಪುಣ್ಯ ತೂಗುವ ಬೀಜ, ಅಳಗುಳಿಮಣೆಯ ಮೇಲೆ ಏನನ್ನೂ ತೂಗದೆ ಗುಳಿಯಿಂದ ಗುಳಿಗೆ ಜಿಗಿಯುತ್ತದೆ. ಮೂರರಲ್ಲಿ ಯಾವುದು ಅದರ ನಿಜವಾದ ಕೆಲಸ ಎಂದು ಕೇಳಿದರೆ ಅಕ್ಕಸಾಲಿಗ ಒಂದನ್ನು ಹೇಳಿಯಾನು, ಅರ್ಚಕರು ಇನ್ನೊಂದನ್ನು ಹೇಳಿಯಾರು. ಮಕ್ಕಳಿಗೆ ಆ ಪ್ರಶ್ನೆಯೇ ಹೊಳೆಯದು.

ಇನ್ನು ದೊಡ್ಡವರ ಆಟ. ಈ ವಿಷಯದಲ್ಲಿ ನಮ್ಮ ನಾಡಿನ ದೊಡ್ಡ ದೃಷ್ಟಾಂತಕ್ಕಾಗಿ ದೂರ ಹೋಗಬೇಕಾಗಿಲ್ಲ. ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಗೇ ಹೋದರೆ ಸಾಕು. ಅಲ್ಲಿನ ಏಳು ಅಂತಸ್ತಿನ ಮಹಾಗೋಪುರವನ್ನು 1849ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು. ಒಳಗೆ ರಾಣಿಯರೊಡನೆ ಕೈಮುಗಿದು ನಿಂತ ಅರಸರ ಭಕ್ತವಿಗ್ರಹವೂ ಇದೆ. ಈ ಅರಸರ ಬಾಳನ್ನು ಆಟದ ದೃಷ್ಟಿಯಿಂದ ನೋಡಿದರೆ ವಿಚಿತ್ರವಾದೊಂದು ತಿರುವುಮುರುವು ಕಾಣುತ್ತದೆ. 1794ರಲ್ಲಿ ಹುಟ್ಟಿದ ಅವರನ್ನು 1799ರಲ್ಲಿ, ಚಿನ್ನಿದಾಂಡಿನ ವಯಸ್ಸಿನಲ್ಲಿ, ಸಿಂಹಾಸನದ ಮೇಲೆ ಕೂರಿಸಲಾಯಿತು. 1831ರಲ್ಲಿ, ರಾಜ್ಯವಾಳುವ ನಡುಹರೆಯದಲ್ಲಿ, ಬ್ರಿಟಿಷರು ಆಡಳಿತವನ್ನು ಕೈಯಿಂದ ಕಿತ್ತುಕೊಂಡರು. ಆಡುವ ಕಾಲದಲ್ಲಿ ಆಳುವ ವೇಷ, ಆಳುವ ಕಾಲದಲ್ಲಿ ಬರಿಗೈ! ಮುಂದೆ 1868ರಲ್ಲಿ ತೀರಿಕೊಳ್ಳುವವರೆಗೆ, 37 ವರ್ಷಗಳ ಕಾಲ, ಅರಸರಿಗೆ ಅರಮನೆಯಿತ್ತು, ಬಿರುದಿತ್ತು, ರಾಜ್ಯಭಾರವಿರಲಿಲ್ಲ.

ಆ ಬಿಡುವನ್ನು ಬೇರೆ ಯಾರಾದರೂ ಹೇಗೆ ಕಳೆಯುತ್ತಿದ್ದರೋ. ಮುಮ್ಮಡಿಯವರು ಕವಿಗಳಿಗೆ ಪಂಡಿತರಿಗೆ ಆಶ್ರಯವಾದರು, ಮತ್ತು ಆಟಗಳನ್ನು ರಚಿಸಿದರು. ರಚಿಸಿದರು ಎಂಬ ಮಾತನ್ನು ಒತ್ತಿಯೇ ಹೇಳಬೇಕು. ‘ಶ್ರೀತತ್ತ್ವನಿಧಿ’ ಎಂಬ ಅವರ ಮಹಾಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಗಂಜೀಫಾ ಎಲೆಗಳ ಆಟಗಳಿಗೆ, ಅವರ ಮಾತಿನಲ್ಲಿ ‘ಛದ’ಗಳಿಗೆ, ಅಲ್ಲಿ ಸ್ಥಾನವುಂಟು. ಚಾಮುಂಡೇಶ್ವರಿ ಛದವೊಂದಕ್ಕೇ 320 ಎಲೆಗಳು. ಇಸ್ಪೀಟಿನ 52 ಎಲೆಗಳನ್ನು ಕಲಸುವುದಕ್ಕೇ ಬೆವರುವ ನಮಗೆ ಆ ಆಟದ ವಿಸ್ತಾರ ಊಹೆಗೂ ಮೀರಿದ್ದು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸಿ, ನಡೆಯ ಕ್ರಮಸಂಖ್ಯೆಗಳನ್ನು ಮನೆಗಳಲ್ಲಿ ಬರೆದರೆ ಪ್ರತಿಯೊಂದು ಸಾಲಿನ, ಪ್ರತಿಯೊಂದು ಕಂಬದ ಮೊತ್ತವೂ 260 ಆಗುವಂಥ ಚಮತ್ಕಾರವನ್ನು ಅವರು ಸಾಧಿಸಿದ್ದರು. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟದ ಮಣೆಗಳು ಚಿತ್ರಗಳಾಗಿ ಉಳಿದಿವೆ.

ಇದನ್ನು ಕಂಡು ‘ರಾಜ್ಯ ಹೋದ ಅರಸನ ಕಾಲಹರಣ’ ಎಂದು ಮೂಗು ಮುರಿಯುವವರುಂಟು. ನನಗೆ ಹಾಗೆ ತೋರುವುದಿಲ್ಲ. ಆಡಳಿತವನ್ನು ಮರಳಿ ಪಡೆಯಲು ಅವರು ಮನವಿಗಳನ್ನು ಕಳುಹಿಸುತ್ತಲೇ ಇದ್ದರು. ಅದರ ಫಲವನ್ನು ಉಂಡವರು 1881ರಲ್ಲಿ ಆಡಳಿತವನ್ನು ಮರಳಿ ಪಡೆದ ದತ್ತುಪುತ್ರ ಚಾಮರಾಜೇಂದ್ರ ಒಡೆಯರು. ಮನವಿ ಬರೆದ ಕೈಯೇ ಕುದುರೆಯ ನಡೆಯನ್ನೂ ಬರೆಯಿತು. ಹೊರಗಿನ ಚದುರಂಗದಲ್ಲಿ ಒಂದು ಕಾಯನ್ನೂ ಸರಿಸುವ ಸ್ವಾತಂತ್ರ್ಯವಿಲ್ಲದ ಮನುಷ್ಯನಿಗೆ 64 ಮನೆಗಳ ಈ ರಾಜ್ಯದಲ್ಲಿ ಬುದ್ಧಿಯ ಪೂರ್ಣ ಸ್ವಾತಂತ್ರ್ಯವಿತ್ತು. ಕಹಿಗೆ, ಕುಡಿತಕ್ಕೆ, ಜಡತೆಗೆ ತಿರುಗಬಹುದಾಗಿದ್ದ ಮನಸ್ಸೊಂದು ಹೀಗೆ ಹರಿತವಾಗಿ ಉಳಿದದ್ದು ಸಣ್ಣ ಮಾತಲ್ಲ. ಕೆಲಸದಿಂದ ನಿವೃತ್ತರಾದ ಮರುದಿನವೇ ಮಂಕಾಗುವ ನಮ್ಮ ಅಧ್ಯಾಪಕ ಮಿತ್ರರು ಇದನ್ನು ಗಮನಿಸಬೇಕು.

ಇಲ್ಲಿ ಇನ್ನೊಬ್ಬ ಅರಸನ ನೆನಪು ತಾನಾಗಿ ಬರುತ್ತದೆ. 941ರ ಪಂಪನಿಂದ ಹಿಡಿದು ಕುಮಾರವ್ಯಾಸನವರೆಗೆ ನಮ್ಮ ಕವಿಗಳು ನೆತ್ತದ ಸಭೆಯನ್ನು ಮತ್ತೆ ಮತ್ತೆ ಕಟ್ಟಿದ್ದಾರೆ. ಧರ್ಮರಾಯ ಆಡಿ ರಾಜ್ಯವನ್ನು ಕಳೆದುಕೊಂಡ. ಮುಮ್ಮಡಿಯವರು ರಾಜ್ಯವನ್ನು ಕಳೆದುಕೊಂಡು ಆಡಿದರು. ವ್ಯತ್ಯಾಸವಿರುವುದು ದಾಳದಲ್ಲಲ್ಲ, ಪಣದಲ್ಲಿ. ಚೌಕಾಬಾರದಲ್ಲಿ ಸೋತವನು ಮಣೆಯನ್ನು ಮಡಿಸಿಟ್ಟು ಊಟಕ್ಕೆ ಏಳುತ್ತಾನೆ. ಜೂಜಿನಲ್ಲಿ ಸೋತವನಿಗೆ ಊಟಕ್ಕೇ ಸಂಚಕಾರ. ಆಟದ ಸುತ್ತ ಒಂದು ಗೆರೆಯಿದೆ, ಒಳಗಿನ ಸೋಲು ಹೊರಗೆ ಬರದಂತೆ ಅದು ಕಾಯುತ್ತದೆ. ಡಚ್ ಇತಿಹಾಸಕಾರ ಹೂಯಿಸಿಂಗ 1938ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಮನುಷ್ಯನನ್ನು ‘ಆಡುವ ಜೀವಿ’ಯೆಂದು ಕರೆದು, ಈ ಗೆರೆಯನ್ನೇ ಆಟದ ಮುಖ್ಯ ಲಕ್ಷಣಗಳಲ್ಲಿ ಒಂದಾಗಿ ಎಣಿಸಿದನು. ಜೂಜು ಆ ಗೆರೆಯನ್ನು ಅಳಿಸುತ್ತದೆ. ‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ನಮ್ಮ ಗಾದೆಗೂ ಅರ್ಥವಿಷ್ಟೇ: ಒಬ್ಬನು ಮಾತ್ರ ಆಡುತ್ತಿದ್ದರೆ ಅದು ಆಟವಲ್ಲ. ಅಂಗೈಯ ಮೊಬೈಲಿನಲ್ಲಿ ರಮ್ಮಿಯಾಡಿ ಸಂಬಳ ಕಳೆದುಕೊಂಡು ಮನೆಗೆ ಮುಖ ತೋರಿಸಲಾಗದವರ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. 2025ರ ಆಗಸ್ಟ್ ತಿಂಗಳಿನಲ್ಲಿ ಸಂಸತ್ತು ಹಣದ ಪಣವಿರುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನೇ ಮಾಡಬೇಕಾಯಿತು. ಜಗಲಿಯ ಮೇಲೆ ನಾಲ್ವರು ಕೂಡಿ ಆಡುವುದನ್ನು ಬಿಟ್ಟ ಜಾಗಕ್ಕೇ ಒಂಟಿಯಾಗಿ ಆಡುವ ಈ ಜೂಜು ಬಂದು ಕುಳಿತಿತೆಂದು ನಾನು ನಂಬುತ್ತೇನೆ.

ದೊಡ್ಡವರ ಆಟದ ಪ್ರಯೋಜನಕ್ಕೆ ವೈದ್ಯರ ಸಾಕ್ಷ್ಯವೂ ಉಂಟು. ನ್ಯೂಯಾರ್ಕಿನಲ್ಲಿ 75 ದಾಟಿದ 469 ಮಂದಿಯನ್ನು ಸುಮಾರು ಐದು ವರ್ಷ ಗಮನಿಸಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಓದುವವರು, ಮಣೆಯಾಟ ಆಡುವವರು, ವಾದ್ಯ ನುಡಿಸುವವರು, ಕುಣಿಯುವವರು ಮರೆವಿನ ರೋಗಕ್ಕೆ ತುತ್ತಾದದ್ದು ಕಡಮೆಯೆಂದು ಕಂಡುಬಂತು. ಆಟವೇ ರೋಗವನ್ನು ತಡೆಯಿತೋ, ರೋಗವಿಲ್ಲದವರೇ ಹೆಚ್ಚು ಆಡಿದರೋ ಎಂಬುದನ್ನು ಇಂಥ ಅಧ್ಯಯನವೊಂದೇ ತೀರ್ಮಾನಿಸಲಾರದು. ಮಾತ್ರೆಯಂತೆ ದಿನಕ್ಕೆರಡು ಸಲ ಚೌಕಾಬಾರ ಆಡಬೇಕೆಂದು ಯಾರೂ ಬರೆದುಕೊಡುವುದೂ ಬೇಡ. ಔಷಧವೆಂದು ಆಡುವ ಆಟದಲ್ಲಿ ಸ್ವಾರಸ್ಯವೇನುಳಿಯಿತು?

ಮಕ್ಕಳ ಪಾಡು ಬೇರೆ. 1989ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೆಯ ವಿಧಿ ಆಟವನ್ನು ಮಗುವಿನ ಹಕ್ಕೆಂದಿತು. ಭಾರತ 1992ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. 2009ರ ಶಿಕ್ಷಣ ಹಕ್ಕು ಕಾಯಿದೆ ಪ್ರತಿ ಶಾಲೆಗೂ ಆಟದ ಬಯಲಿರಬೇಕೆಂದಿತು. 2024ರಿಂದ ಜೂನ್ 11 ಅಂತರರಾಷ್ಟ್ರೀಯ ಆಟದ ದಿನ. ಕಾಗದದ ಮೇಲೆ ಇಷ್ಟೆಲ್ಲ ಇದೆ. ವೇಳಾಪಟ್ಟಿಯಲ್ಲಿ ಆಟದ ಅವಧಿಯೂ ಇದೆ. ಪರೀಕ್ಷೆ ಹತ್ತಿರವಾದಂತೆ ಅದನ್ನು ಗಣಿತವೋ ವಿಜ್ಞಾನವೋ ನುಂಗುತ್ತದೆ. ನುಂಗುವ ಅಧ್ಯಾಪಕನಿಗೆ ಅದು ತ್ಯಾಗವೆಂದೇ ತೋರುತ್ತದೆ, ಪಾಪ. ಸಂಜೆ ಉಳಿದ ಎರಡು ಗಂಟೆಯನ್ನು ಮನೆಪಾಠ ಹಂಚಿಕೊಳ್ಳುತ್ತದೆ. ಹೀಗೆ ಕಸಿದುಕೊಳ್ಳುವವರು ಕ್ರೂರಿಗಳಲ್ಲ. ಮಗುವಿನ ಮೇಲೆ ಪ್ರಾಣವನ್ನೇ ಇಟ್ಟವರು. ತಾವು ಆಡುವುದನ್ನು ಬಿಟ್ಟು ಎಷ್ಟೋ ಕಾಲವಾದದ್ದರಿಂದ, ಏನನ್ನು ಕಸಿಯುತ್ತಿದ್ದೇವೆಂಬುದು ಅವರಿಗೆ ಮರೆತುಹೋಗಿದೆ, ಅಷ್ಟೆ.

ನರಸೀಪುರ ತಾಲ್ಲೂಕಿನ ಕುರುಬೂರಿನ ಸಂಗತಿಯನ್ನು ಇಂಥವರಿಗೆ ಹೇಳಬೇಕು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊತ್ತಮೊದಲ ಖೋ-ಖೋ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಭಾರತದ ಮಹಿಳೆಯರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆನಿಸಿದ ಬಿ. ಚೈತ್ರಾ ಕುರುಬೂರಿನವರು. ಖೋ-ಖೋಗೆ ಬ್ಯಾಟು ಬೇಡ, ಬಲೆ ಬೇಡ. ಎರಡು ಕಂಬ, ಒಂದು ಬಯಲು, ಓಡುವ ಕಾಲು ಸಾಕು. ಬಯಲೊಂದು ಇಲ್ಲವಾದರೆ ಮಾತ್ರ ಏನೂ ಸಾಗದು. ಅದರ ಕಟ್ಟಳೆಯೂ ಸೊಗಸಾದದ್ದು. ಒಬ್ಬರು ಈ ಕಡೆಗೆ, ಪಕ್ಕದವರು ಆ ಕಡೆಗೆ ಮುಖಮಾಡಿ ಸಾಲಾಗಿ ಕುಕ್ಕುರುಗಾಲಿನಲ್ಲಿ ಕುಳಿತಿರುತ್ತಾರೆ. ಅಟ್ಟುವವಳು ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ಸಾಲನ್ನು ಸೀಳುವಂತಿಲ್ಲ. ತನ್ನಿಂದಾಗದಾಗ ಕುಳಿತವಳ ಬೆನ್ನು ತಟ್ಟಿ ‘ಖೋ’ ಎಂದು ಅವಳ ಜಾಗದಲ್ಲಿ ತಾನು ಕೂರಬೇಕು. ಓಡುವುದರಷ್ಟೇ ಕೂರುವುದೂ ಆಟ. ಎದ್ದವಳು ಮುಂದಿನ ಗಳಿಗೆಗೆ ಕುಳಿತವಳಾಗಲು ಸಿದ್ಧಳಿರಬೇಕು. ಕುಳಿತಾಗ ಕಣ್ಣು ಅತ್ತಿತ್ತ ಹರಿದರೆ ಬೆನ್ನಿಗೆ ಬಿದ್ದ ‘ಖೋ’ ವ್ಯರ್ಥ. ಏಕಾಗ್ರತೆ, ಸಹಕಾರ ಎಂದು ನಾವು ಪಠ್ಯಪುಸ್ತಕದಲ್ಲಿ ಅಚ್ಚುಹಾಕಿಸುವ ಗುಣಗಳು ಇಲ್ಲಿ ಮೊಣಕಾಲಿನ ಮಣ್ಣಿನೊಡನೆ ಬರುತ್ತವೆ. ಹಾಗೆಂದು ಆಡುವ ಮಕ್ಕಳೆಲ್ಲ ವಿಶ್ವಕಪ್ಪಿಗೆ ಹೋಗಬೇಕೆಂಬ ಲೆಕ್ಕಾಚಾರಕ್ಕೂ ನಾನು ಸೇರಿದವನಲ್ಲ. ಸಾಲಿನಲ್ಲಿ ಕುಳಿತು, ಒಮ್ಮೆಯೂ ಯಾರನ್ನೂ ಮುಟ್ಟಲಾರದೆ, ಸಂಜೆ ಧೂಳು ಕೊಡವಿಕೊಂಡು ನಗುತ್ತ ಮನೆಗೆ ಹೋದ ಹುಡುಗಿಯ ಪಾಲಿನದೂ ಅಷ್ಟೇ ದೊಡ್ಡದು.

ನಮ್ಮ ಹಿರಿಯರು ದೊಡ್ಡವರಿಗೆ ನಾಚಿಕೆಯಿಲ್ಲದೆ ಆಡಲು ಜಾತ್ರೆಯ ನೆಪವೊಂದನ್ನು ಇಟ್ಟಿದ್ದರು. ನಂಜನಗೂಡಿನಿಂದ ಕಪಿಲೆಯ ಗುಂಟ ಕೆಳಗೆ ಹೋದರೆ ಸಿಗುವ ಸುತ್ತೂರಿನ ಜಾತ್ರೆಯಲ್ಲಿ ಈಗಲೂ ಕುಸ್ತಿಯೊಡನೆ ದೇಸಿ ಆಟಗಳ ಸ್ಪರ್ಧೆಗಳು ನಡೆಯುತ್ತವೆ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ವೆಂಬ ಹೆಸರಿನಲ್ಲಿ ಮಣೆಯಾಟಗಳ ಪ್ರದರ್ಶನಗಳನ್ನು ಏರ್ಪಡಿಸುತ್ತ ಬಂದಿದೆ, ಅಲ್ಲಿ ಮರದಲ್ಲಿ ಕಡೆದ, ಬಟ್ಟೆಯ ಮೇಲೆ ಬರೆದ ಚೆಲುವಾದ ಮಣೆಗಳನ್ನು ಕೊಳ್ಳಬಹುದು. ಕೊಂಡುತಂದು ಗೋಡೆಗೆ ತೂಗುಹಾಕುವವರೂ ಇದ್ದಾರೆ. ಆದರೆ ಚೌಕಾಬಾರಕ್ಕೆ ಅಷ್ಟು ವೆಚ್ಚವೇನೂ ಬೇಡ. ಸೀಮೆಸುಣ್ಣದ ತುಂಡೊಂದಿದ್ದರೆ 25 ಮನೆಗಳನ್ನು ನೆಲದ ಮೇಲೆ ಬರೆಯಬಹುದು. ಕಾಯಿಗಳಿಗೆ ಬಳೆಚೂರು, ಬೆಣಚುಕಲ್ಲು, ಗುಂಡಿ, ಕಡಲೆಬೀಜ ಯಾವುದಾದರೂ ಆದೀತು. ಕವಡೆ ಸಿಕ್ಕದಿದ್ದರೆ ಎರಡು ಹುಣಸೆಬೀಜಗಳನ್ನು ಸೀಳಿ ನಾಲ್ಕು ಹೋಳು ಮಾಡಿಕೊಳ್ಳಿ. ಒಂದು ಮಗ್ಗುಲು ಬಿಳುಪು, ಇನ್ನೊಂದು ಮಗ್ಗುಲು ಕಪ್ಪು. ನಾಲ್ವರು ಕೂಡಿದರೆ ಆಟಕ್ಕೆ ಕಳೆ. ಇಬ್ಬರೇ ಇದ್ದರೂ ನಡೆಯುತ್ತದೆ.